ಗ್ಯಾಸ್ ಖರ್ಚಾಗುವುದಿಲ್ಲ

"ಗ್ಯಾಸ್ ಮುಗಿದಿರಬೇಕು ಹಮ್ಮಬ್ಬಾಕ, ತುಂಬಿಸಿ ಕೊಡಿ" ಅಂದೆ.
ಕೂಳೂರು ಸೇತುವೆಯ ಈಚೆ, ಏಪ್ರಿಲ್ ಹದಿನೇಳು,
ಅಂಗಿ ಬೆನ್ನಿಗೆ ಅಂಟಿ, ಬೆನ್ನು ಸೀಟಿಗೆ ಅಂಟಿದ ಮಧ್ಯಾಹ್ನ.
ಅವರು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿದರು.
"ಗ್ಯಾಸ್ ಎಂತ ಡೀಸೆಲಾ ಐತಪ್ಪ, ಖರ್ಚಾಗಲಿಕ್ಕೆ?
ಅದು ಸುತ್ತುತ್ತದೆ. ಸುತ್ತಿದ್ದಲ್ಲೇ ಸುತ್ತುತ್ತದೆ.
ಕಡಿಮೆಯಾಯಿತೆಂದರೆ ಎಲ್ಲೋ ತೂತು ಉಂಟು."

ಏಳು ವರ್ಷ ಓಡಿಸಿದ ಗಾಡಿ.
ನನಗೆ ಗೊತ್ತಿದ್ದದ್ದು ಒಂದು ನೀಲಿ ಗುಂಡಿ ಮಾತ್ರ.

ಬಾನೆಟ್ ಎತ್ತಿ ಪೈಪು ಸಿಕ್ಕಿಸಿದರು, ಕೆಂಪಿಗೊಂದು ಮೀಟರ್, ನೀಲಿಗೊಂದು.
ಎರಡೂ ಮುಳ್ಳು ಸೊನ್ನೆಯ ಪಕ್ಕ ಉಂಡು ಮಲಗಿದ ಹಾಗೆ.
ಅವರ ಬೆರಳು ಹೋದಲ್ಲಿ ನನ್ನ ಕಣ್ಣು ಹೋಯಿತು:
ಇದು ಕಂಪ್ರೆಸರ್. ಬೆಲ್ಟು ಎಳೆದರೆ ಸಾಲದು,
ಕ್ಲಚ್ಚು 'ಟಕ್' ಎಂದು ಒಪ್ಪಬೇಕು,
ಆಮೇಲೆ ಹಿಂಡುತ್ತದೆ, ಕಾಯಿಹಾಲು ಹಿಂಡಿದ ಹಾಗೆ,
ಹಿಂಡಿದ ಗ್ಯಾಸು ಮುಟ್ಟಿದರೆ ಸುಡುತ್ತದೆ.
ಇದು ಕಂಡೆನ್ಸರ್, ಗಾಡಿಯ ಎದೆಗೆ ಕಟ್ಟಿದ ಬಾಚಣಿಗೆ,
ಸೆಕೆಯನ್ನು ಗಾಳಿಗೆ ಕೊಟ್ಟು ಗ್ಯಾಸು ನೀರಾಗುವ ಜಾಗ.
ಹಲ್ಲುಗಳ ನಡುವೆ ಬಿಳಿ ಪುಡಿ.
"ಮರವಂತೆಗೆ ಬಾಡಿಗೆ ಹೋಗುತ್ತೀಯಲ್ಲ, ಕಡಲು ತಿಂದದ್ದು ಇದು.
ಅಲ್ಯೂಮಿನಿಯಂ ಅಂದರೆ ಅದಕ್ಕೆ ಚಟ್ನಿ."
ಈ ಡಬ್ಬಿ ಡ್ರೈಯರ್, ಹೊಟ್ಟೆಯೊಳಗೆ ಕಾಳು ಕಾಳು,
ಒಂದು ಹನಿ ನೀರನ್ನೂ ಮುಂದೆ ಬಿಡದ ಕಾವಲು.
ಆಮೇಲೆ ವಾಲ್ವು, ತೂತು ಸೂಜಿಕಣ್ಣಿನಷ್ಟು.
ಅಲ್ಲಿಯವರೆಗೆ ನೂಕಿಸಿಕೊಂಡು ಬಂದದ್ದು
ಅಲ್ಲಿ ಮೊದಲ ಸಲ ಉಸಿರು ಬಿಡುತ್ತದೆ.
ಬಿಟ್ಟ ಉಸಿರೇ ತಂಪು.

"ಹಾಗಾದರೆ ತಂಪು ಮಾಡುವುದು ಯಾವುದು?"

"ಯಾವುದೂ ಅಲ್ಲ. ತಂಪು ಅಂತ ಒಂದು ವಸ್ತುವೇ ಇಲ್ಲ ಮಾರಾಯ.
ಡ್ಯಾಶ್‌ಬೋರ್ಡಿನ ಹಿಂದೆ, ಕತ್ತಲಲ್ಲಿ, ಒಂದು ಕಾಯಿಲ್ ಕೂತಿರುತ್ತದೆ,
ಒಳಗಿನವರ ಸೆಕೆಯನ್ನು ತಲೆಗೆ ಹೊರಿಸಿ ಕಳಿಸುತ್ತದೆ.
ಗ್ಯಾಸು ಹೊತ್ತು ತಂದು ಹೊರಗೆ ಚೆಲ್ಲುತ್ತದೆ.
ಬಂದರಿನ ಹಮಾಲಿ ಕೆಲಸ, ಅಷ್ಟೇ."

ನೈಟ್ರೋಜನ್ ತುಂಬಿ, ಬ್ರಷ್ಷಿನಲ್ಲಿ ಸೋಪಿನ ನೊರೆ ಹಚ್ಚಿದರು,
ಒಂದೊಂದು ಕೀಲಿಗೂ, ಕ್ಷೌರಕ್ಕೆ ಕೂರಿಸಿದ ಹಾಗೆ.
ಕಾದೆವು.
ಕಂಪ್ರೆಸರಿನ ಬುಡದಲ್ಲಿ ಒಂದು ಗುಳ್ಳೆ.
ಒಡೆಯಿತು.
ಇನ್ನೊಂದು.
ಹದಿನೈದು ರೂಪಾಯಿಯ ರಬ್ಬರ್ ಉಂಗುರ, ಒಣಗಿ ಬಿರಿದದ್ದು.
ಒಂದೂವರೆ ಬೇಸಿಗೆ ನಾನು ಬೆವರಿದ್ದು ಅದರ ದೆಸೆಯಿಂದ.

ಹೊಸತು ಹಾಕಿ, ಪಂಪ್ ಇಟ್ಟು ಒಳಗಿನ ಗಾಳಿಯನ್ನೆಲ್ಲ ಎಳೆದರು.
ನಲವತ್ತು ನಿಮಿಷ. ನಾನು ಲಿಂಬೆ ಸೋಡ ಕುಡಿದೆ,
ಹೊಳೆಯಲ್ಲಿ ಒಬ್ಬ ದೋಣಿಯವ ಮಳಿ ಹೆಕ್ಕುತ್ತಿದ್ದ, ನೀರು ಎದೆಯವರೆಗೆ.
ಪಂಪ್ ನಿಂತ ಮೇಲೂ ಮುಳ್ಳು ಕದಲಲಿಲ್ಲ.
ಏನೂ ಇಲ್ಲದ್ದು ಏನೂ ಇಲ್ಲದೆಯೇ ಉಳಿದರೆ
ಅದು ಶುಭ ಸುದ್ದಿಯಂತೆ, ಈ ಕಸುಬಿನಲ್ಲಿ.

ಸಂಜೆ ಬಜಪೆಯಿಂದ ದಂಪತಿ, ನಾಲ್ಕು ಪೆಟ್ಟಿಗೆ.
"ಏಸಿ ಫುಲ್ ಇಡಿ." ಇಟ್ಟೆ. ಟಕ್.
ನಂತೂರಿನಲ್ಲಿ ಗಾಡಿಗಳೆಲ್ಲ ನಿಂತವು,
ನನ್ನ ಬಾನೆಟ್ಟಿಗೆ ಅಂಗೈ ತೋರಿಸಿ ಹೋಮ್‌ಗಾರ್ಡ್ ಸುಗಂಧಿ,
ಅದೇ ಸುಗಂಧಿ, ದಿನಾ ಕೈಯೆತ್ತುವವಳು.
ಫ್ಯಾನು ಜೋರಾಯಿತು.
ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು,
ಕೆಳಗೆ ನೋಡದೆ, ಅಭ್ಯಾಸದಿಂದ,
ಕುದಿಯುವ ಹಂಡೆಯ ಬಾಯಿಂದ ಕೈ ಸರಿಯುವ ಹಾಗೆ.
ಏಳು ವರ್ಷ ನಾನು ಅದನ್ನು ದಾರಿ ಬಿಡುವುದು ಅಂದುಕೊಂಡಿದ್ದೆ.

ಹಿಂದಿನಿಂದ, "ಅಬ್ಬ, ಈಗ ಜೀವ ಬಂತು."

ಗುಂಡಿಯ ಮೇಲೆ ಬೆರಳಿಟ್ಟೆ.
ತೆಗೆದೆ. ಬಾಡಿಗೆ ಅವರದ್ದು, ತಿಂಗಳ ಕಂತು ನನ್ನದು.
ಅವಳು ಕೈ ಬೀಸಿದಳು, ಹೊರಟೆವು.
ಕನ್ನಡಿಯಲ್ಲಿ ನೋಡಿದರೆ, ನಿಂತಿದ್ದಲ್ಲಿ
ಅಂಗೈಯಗಲ ಒದ್ದೆ, ನಮ್ಮ ಗಾಡಿ ಬೆವರಿದ್ದು.
ಹಿಂದಿನ ಬಸ್ಸು ಅದನ್ನು ತುಳಿದು ಬಂತು.